ಸಕ್ಕರೆಯ ಹಿಂದೆ ಹೋದ ಹಡಗುಗಳು: ಅಟ್ಲಾಂಟಿಕ್ ಗುಲಾಮ ವ್ಯಾಪಾರ ಅಂದರೇನು, ಯಾಕೆ ನಡೆಯಿತು, ಏನು ಮಾಡಿತು

2013ರ ಏಪ್ರಿಲ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ರಿಸ್ ಗೇಲ್ 66 ಎಸೆತಕ್ಕೆ 175 ರನ್ ಹೊಡೆದರು. ಆರ್‌ಸಿಬಿ ಅಭಿಮಾನಿಗಳು ಅದನ್ನು ಇವತ್ತಿಗೂ ಮರೆತಿಲ್ಲ. ಈಚೆಗೆ ಮೊಬೈಲಿನಲ್ಲಿ ಆ ಆಟದ ತುಣುಕು ನೋಡುತ್ತಿದ್ದ ಅಕ್ಕನ ಮಗ ತಲೆ ಎತ್ತಿ ಕೇಳಿದ: "ಮಾವ, ಗೇಲ್ ಊರು ಜಮೈಕಾ ಅಲ್ವಾ? ಅದು ಅಮೆರಿಕದ ಪಕ್ಕ ಇದೆ. ಮತ್ತೆ ಅಲ್ಲಿನ ಜನ ಆಫ್ರಿಕಾದವರ ಥರ ಯಾಕಿದ್ದಾರೆ? ಹೆಸರೆಲ್ಲ ಇಂಗ್ಲಿಷ್ ಹೆಸರು ಯಾಕೆ? ಅದೇ ವೆಸ್ಟ್ ಇಂಡೀಸ್ ಟೀಮಲ್ಲಿ ಚಂದ್ರಪಾಲ್ ಅಂತ ಇದ್ರಲ್ಲ, ಅವರು ಎಲ್ಲಿಂದ ಬಂದ್ರು?"

ಮೂರು ಪ್ರಶ್ನೆ, ಮೂರಕ್ಕೂ ಒಂದೇ ಕಥೆ: ಅಟ್ಲಾಂಟಿಕ್ ಗುಲಾಮ ವ್ಯಾಪಾರ. ಆ ಕಥೆ ಈಗ ಮತ್ತೆ ಸುದ್ದಿಯಲ್ಲೂ ಇದೆ. ಆಫ್ರಿಕನ್ ಒಕ್ಕೂಟ 2025ರ ವರ್ಷವನ್ನೇ ಇದರ ಪರಿಹಾರದ ಬೇಡಿಕೆಗೆ ಮೀಸಲಿಟ್ಟಿತು. ಜಮೈಕಾ ಸೇರಿ ಕೆರಿಬಿಯನ್ ಸಮುದ್ರದ ಸುತ್ತಲ ದೇಶಗಳು 2013ರಿಂದ ಒಟ್ಟಾಗಿ ಯುರೋಪಿನ ಮುಂದೆ ಇದೇ ಬೇಡಿಕೆ ಇಟ್ಟಿವೆ. ಮಾರ್ಚ್ 25 ವಿಶ್ವಸಂಸ್ಥೆ ಗುರುತಿಸಿರುವ ನೆನಪಿನ ದಿನ. ಪರಿಹಾರ ಯಾರಿಗೆ, ಯಾಕೆ ಅಂತ ಅರ್ಥವಾಗಬೇಕಾದರೆ ಬುಡದಿಂದ ಶುರು ಮಾಡಬೇಕು.

ಗುಲಾಮ ಅಂದರೆ ಜೀತದಾಳು ಅಲ್ಲ

ಅಟ್ಲಾಂಟಿಕ್ ಮಹಾಸಾಗರದ ಈಚೆ ದಡ ಆಫ್ರಿಕಾ, ಆಚೆ ದಡ ಅಮೆರಿಕ ಖಂಡಗಳು. 16ನೇ ಶತಮಾನದ ಆರಂಭದಿಂದ 1860ರ ದಶಕದವರೆಗೆ, ಅಂದರೆ ಸುಮಾರು 350 ವರ್ಷ, ಯುರೋಪಿನ ವ್ಯಾಪಾರಿಗಳೂ ಅಮೆರಿಕದ ವಸಾಹತುಗಳ ವ್ಯಾಪಾರಿಗಳೂ ಆಫ್ರಿಕಾದ ಜನರನ್ನು ಕೊಂಡು ಹಡಗಿಗೆ ತುಂಬಿ ಆಚೆ ದಡದಲ್ಲಿ ಮಾರಿದರು. ಇದೇ ಅಟ್ಲಾಂಟಿಕ್ ಗುಲಾಮ ವ್ಯಾಪಾರ. ಇತಿಹಾಸಕಾರರು ಸುಮಾರು 36,000 ಹಡಗು ಪ್ರಯಾಣಗಳ ದಾಖಲೆ ಕೂಡಿಹಾಕಿದ್ದಾರೆ. ಅದರ ಆಧಾರದ ಮೇಲೆ ಹಾಕಿದ ಅಂದಾಜು ಹೀಗಿದೆ: ಹಡಗು ಹತ್ತಿಸಿದ್ದು ಸುಮಾರು 1 ಕೋಟಿ 25 ಲಕ್ಷ ಜನರನ್ನು. ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದ 18 ಲಕ್ಷ ಜನ ದಾರಿಯಲ್ಲೇ ತೀರಿಕೊಂಡರು.

ನಮಗೆ ಜೀತ ಅಂದರೆ ಏನೆಂದು ಗೊತ್ತು. ಸಾಲ ತೀರಿಸಲಾಗದೆ ಒಡೆಯನ ಮನೆಯಲ್ಲಿ ದುಡಿಯುವುದು. ಅದು ಕ್ರೂರವೇ. ಆದರೂ ಜೀತಕ್ಕೆ ಕಾರಣ ಒಂದು ಸಾಲ, ಲೆಕ್ಕದಲ್ಲಾದರೂ ಅದು ತೀರುವಂಥದ್ದು. ಅಟ್ಲಾಂಟಿಕ್‌ನ ಆಚೆ ನಡೆದದ್ದು ಬೇರೆ. ಅಲ್ಲಿ ಮನುಷ್ಯನೇ ಆಸ್ತಿ. ಎತ್ತನ್ನು ಮಾರುವ ಹಾಗೆ ಮಾರಬಹುದು, ಹೊಲವನ್ನು ಅಡವಿಡುವ ಹಾಗೆ ಅಡವಿಡಬಹುದು, ಮಗಳ ಮದುವೆಗೆ ಉಡುಗೊರೆ ಕೊಡಬಹುದು, ವಿಲ್ ಬರೆದು ಮಗನಿಗೆ ಬಿಡಬಹುದು. ತೋಟದ ಯಜಮಾನ ಸತ್ತಾಗ ಮಾಡುತ್ತಿದ್ದ ಆಸ್ತಿ ಪಟ್ಟಿಯಲ್ಲಿ ಕುದುರೆ, ಹಸು, ಕಡಾಯಿಗಳ ಜೊತೆಗೇ ಈ ಜನರ ಹೆಸರು, ಪಕ್ಕದಲ್ಲಿ ಬೆಲೆ. ಅವರಿಗೆ ಹುಟ್ಟಿದ ಮಗುವೂ ಯಜಮಾನನ ಆಸ್ತಿ.

ಇಲ್ಲಿ ಇನ್ನೊಂದು ತಪ್ಪು ತಿಳುವಳಿಕೆ ಇದೆ. ಗುಲಾಮಗಿರಿ ಅಂದ ತಕ್ಷಣ ನಮಗೆ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಹತ್ತಿ ಹೊಲ ನೆನಪಾಗುತ್ತದೆ. ಆದರೆ ಆಫ್ರಿಕಾದಿಂದ ಬಂದವರಲ್ಲಿ ನೇರವಾಗಿ ಅಲ್ಲಿಗೆ ಹೋದವರು 4 ಲಕ್ಷಕ್ಕೂ ಕಡಿಮೆ. ಬ್ರೆಜಿಲ್ ಒಂದಕ್ಕೇ 48 ಲಕ್ಷದಷ್ಟು ಜನ ಹೋದರು. ಬ್ರಿಟಿಷರ ಕೆರಿಬಿಯನ್ ದ್ವೀಪಗಳಿಗೆ 23 ಲಕ್ಷ, ಫ್ರೆಂಚರ ದ್ವೀಪಗಳಿಗೆ 11 ಲಕ್ಷ. ಈ ಜಾಗಗಳಲ್ಲೆಲ್ಲ ಏನು ಬೆಳೆಯುತ್ತಿದ್ದರು ಅಂತ ಕೇಳಿದರೆ ಉತ್ತರ ತಾನೇ ಸಿಗುತ್ತದೆ. ಹತ್ತಿ, ತಂಬಾಕು, ಕಾಫಿ, ಗಣಿ ಎಲ್ಲವೂ ಇತ್ತು. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಕಬ್ಬು.

ಆಲೆಮನೆಯಿಂದ ಅರ್ಥವಾಗುವ ಕಥೆ

ಇಂಗ್ಲಿಷಿನ ಶುಗರ್ ಮತ್ತು ನಮ್ಮ ಸಕ್ಕರೆ, ಎರಡೂ ಒಂದೇ ತಾಯಿ ಪದದ ಮಕ್ಕಳು. ಸಂಸ್ಕೃತದ ಶರ್ಕರಾ. ಕಬ್ಬಿನ ಹಾಲನ್ನು ಕಾಯಿಸಿ ಹರಳು ಮಾಡುವ ವಿದ್ಯೆ ಭಾರತದಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರ ಮೂಲಕ ಮೆಡಿಟರೇನಿಯನ್ ಕಡೆಗೆ ಹೋಯಿತು. ಪೋರ್ಚುಗೀಸರು ಅದನ್ನು ಆಫ್ರಿಕಾ ಪಕ್ಕದ ಮಡೈರಾ, ಸಾವೊ ಟೋಮೆ ದ್ವೀಪಗಳಿಗೆ ಒಯ್ದರು. ಕೊಲಂಬಸ್ 1493ರ ತನ್ನ ಎರಡನೇ ಪ್ರಯಾಣದಲ್ಲಿ ಕಬ್ಬಿನ ತುಂಡುಗಳನ್ನು ಕೆರಿಬಿಯನ್‌ಗೆ ತೆಗೆದುಕೊಂಡು ಹೋದ.

ಕಬ್ಬು ಬೆಳೆಯಲು ಇಷ್ಟೊಂದು ಜನ ಯಾಕೆ ಬೇಕು? ಮಂಡ್ಯ ಕಡೆಯ ಆಲೆಮನೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಬ್ಬು ಕಡಿದ ಮೇಲೆ ಇಟ್ಟುಕೊಂಡು ಕೂರುವ ಹಾಗಿಲ್ಲ. ಒಂದೆರಡು ದಿನದಲ್ಲಿ ಸಿಹಿ ಇಳಿಯುತ್ತದೆ, ಹಾಲು ಹುಳಿಯಾಗುತ್ತದೆ. ಕಡಿದದ್ದನ್ನು ತಕ್ಷಣ ಗಾಣಕ್ಕೆ ಕೊಡಬೇಕು. ಗಾಣದಿಂದ ಇಳಿದ ಹಾಲು ತಕ್ಷಣ ಕೊಪ್ಪರಿಗೆಗೆ ಹೋಗಬೇಕು. ಒಲೆ ಆರಬಾರದು. ಪಾಕ ಹದ ತಪ್ಪಿದರೆ ಅಷ್ಟೂ ಹಾಳು. ಅಂದರೆ ಹೊಲ, ಗಾಣ, ಒಲೆ ಮೂರೂ ಒಟ್ಟಿಗೆ ಓಡಬೇಕು.

ನಮ್ಮ ಆಲೆಮನೆ ಒಂದೆರಡು ಎಕರೆಯ ಕಬ್ಬಿಗೆ, ಮನೆಯವರೂ ಕೂಲಿಯವರೂ ಸೇರಿ ಮಾಡುವ ಕೆಲಸ. ಅದೇ ಆಲೆಮನೆಯನ್ನು ನೂರಾರು ಎಕರೆಗೆ ಹಿಗ್ಗಿಸಿ. ಕೊಯ್ಲು ಮುಗಿಯುವ ತನಕ, ಐದಾರು ತಿಂಗಳು, ಹಗಲು ರಾತ್ರಿ ಓಡಿಸಿ. ಕೆಲಸ ಮಾಡುವವರಿಗೆ ಬಿಟ್ಟುಹೋಗುವ ಹಕ್ಕೇ ಇಲ್ಲ ಅಂದುಕೊಳ್ಳಿ. ಬಾರ್ಬಡೋಸ್, ಜಮೈಕಾದ ಸಕ್ಕರೆ ತೋಟ ಅಂದರೆ ಅದೇ. ರಾತ್ರಿ ಪಾಳಿಯಲ್ಲಿ ನಿದ್ದೆಗಣ್ಣಲ್ಲಿ ಗಾಣಕ್ಕೆ ಕಬ್ಬು ಕೊಡುವವರ, ಹೆಚ್ಚಾಗಿ ಹೆಂಗಸರ, ಬೆರಳು ಉರುಳೆಗೆ ಸಿಕ್ಕಿದರೆ ತೋಳಿಡೀ ಒಳಗೆ ಹೋಗುತ್ತಿತ್ತು. ಅದಕ್ಕೆ ಗಾಣದ ಪಕ್ಕದಲ್ಲಿ ಒಂದು ಕೊಡಲಿ ಸಿದ್ಧ ಇಡುತ್ತಿದ್ದರು. ತೋಳು ಕಡಿದರೆ ಜೀವ ಉಳಿಯುತ್ತದೆ ಅಂತ. ಗಾಣ ನಿಲ್ಲಿಸುವ ವ್ಯವಸ್ಥೆ ಮಾಡಲಿಲ್ಲ, ಕೊಡಲಿ ಇಟ್ಟರು. ಈ ವ್ಯಾಪಾರದ ಬಗ್ಗೆ ಓದಿದ್ದರಲ್ಲಿ ನನ್ನನ್ನು ತುಂಬ ದಿನ ಕಾಡಿದ್ದು ಆ ಕೊಡಲಿ.

ಜಮೈಕಾದಲ್ಲಿ ಇಳಿದ ಆಫ್ರಿಕನ್ನರು ಹತ್ತಿರ ಹತ್ತಿರ 10 ಲಕ್ಷ. ಅವರಲ್ಲಿ ಕೆಲವರನ್ನು ಬೇರೆ ದ್ವೀಪಗಳಿಗೆ ಮಾರಿದ್ದರು ನಿಜ. ಆದರೂ 1834ರಲ್ಲಿ ಗುಲಾಮಗಿರಿ ರದ್ದಾದಾಗ ಅಲ್ಲಿ ಉಳಿದಿದ್ದ ಗುಲಾಮರು ಸುಮಾರು 3 ಲಕ್ಷ ಅಷ್ಟೇ. ಹುಟ್ಟಿದ್ದಕ್ಕಿಂತ ಸತ್ತದ್ದೇ ಜಾಸ್ತಿ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದಕ್ಕೆ ತದ್ವಿರುದ್ಧ: ಬಂದವರು 4 ಲಕ್ಷಕ್ಕೂ ಕಡಿಮೆ, 1860ರ ಜನಗಣತಿಯ ಹೊತ್ತಿಗೆ ಅಲ್ಲಿದ್ದ ಗುಲಾಮರು ಸುಮಾರು 40 ಲಕ್ಷ. ತಂಬಾಕು, ಹತ್ತಿ ಹೊಲದ ಬದುಕೂ ಘೋರವೇ. ಆದರೆ ಕಬ್ಬು ಮನುಷ್ಯರನ್ನೇ ತಿಂದುಹಾಕುತ್ತಿತ್ತು. ಸತ್ತವರ ಜಾಗಕ್ಕೆ ಹೊಸಬರನ್ನು ಕೊಳ್ಳುವುದು, ಇದ್ದವರನ್ನು ಚೆನ್ನಾಗಿ ನೋಡಿಕೊಳ್ಳುವುದಕ್ಕಿಂತ ಅಗ್ಗ ಅಂತ ತೋಟದವರು ಲೆಕ್ಕ ಹಾಕಿದ್ದರು. ಹಡಗುಗಳು ಬರುತ್ತಲೇ ಇದ್ದದ್ದು ಇದಕ್ಕೇ.

ಇನ್ನೊಂದು ತುದಿಯಲ್ಲಿ ಇದ್ದದ್ದು ಟೀ ಲೋಟ. ಬ್ರಿಟನ್ನಿನಲ್ಲಿ 1700ರ ಸುಮಾರಿಗೆ ಒಬ್ಬರು ವರ್ಷಕ್ಕೆ ಬಳಸುತ್ತಿದ್ದ ಸಕ್ಕರೆ ಸುಮಾರು 2 ಕೆಜಿ. 1800ರ ಹೊತ್ತಿಗೆ ಅದು 8 ಕೆಜಿ ಆಯಿತು. ರಾಜರ ಮನೆಯ ವಸ್ತು ಬಡವರ ಅಡುಗೆಮನೆಗೂ ಬಂತು.

ಆಫ್ರಿಕಾದವರೇ ಯಾಕೆ?

ಮೊದಲು ದುಡಿಸಿದ್ದು ಅಲ್ಲಿನ ಮೂಲನಿವಾಸಿಗಳನ್ನೇ. ಆದರೆ ಯುರೋಪಿನವರು ತಂದ ಸಿಡುಬು, ದಡಾರಕ್ಕೆ ಅವರ ಮೈಯಲ್ಲಿ ತಡೆಯುವ ಶಕ್ತಿ ಇರಲಿಲ್ಲ. ಯುದ್ಧ ಮತ್ತು ದುಡಿತವೂ ಸೇರಿ, ಕೊಲಂಬಸ್ ಕಾಲಿಟ್ಟ ಹಿಸ್ಪಾನಿಯೋಲಾ ದ್ವೀಪದಲ್ಲಿ ಟೈನೋ ಜನ ಕೆಲವೇ ದಶಕಗಳಲ್ಲಿ ಬಹುಪಾಲು ಅಳಿದುಹೋದರು. ಆಮೇಲೆ ಯುರೋಪಿನ ಬಡವರನ್ನೇ ನಾಲ್ಕೋ ಏಳೋ ವರ್ಷದ ಕರಾರಿನ ಮೇಲೆ ಕರೆತಂದರು. ಅವರು ಮಲೇರಿಯಾ, ಹಳದಿ ಜ್ವರಕ್ಕೆ ಸಿಕ್ಕಿ ಸಾಯುತ್ತಿದ್ದರು. ಬದುಕಿದವರು ಕರಾರು ಮುಗಿದ ಕೂಡಲೇ ಹೊರಟುಬಿಡುತ್ತಿದ್ದರು.

ಪಶ್ಚಿಮ ಆಫ್ರಿಕಾದ ಜನರಿಗೆ ಆ ಜ್ವರಗಳು ಹೊಸದಲ್ಲ. ಬಿಸಿಲು ಸೀಮೆಯ ಬೇಸಾಯ ಗೊತ್ತಿತ್ತು. ತಪ್ಪಿಸಿಕೊಂಡರೆ ಸೇರಿಕೊಳ್ಳಲು ಅವರಿಗೆ ಅಲ್ಲಿ ಊರಿಲ್ಲ, ನೆಂಟರಿಲ್ಲ, ಭಾಷೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಫ್ರಿಕಾದ ಕರಾವಳಿಯಲ್ಲಿ ಮನುಷ್ಯರನ್ನು ಕೊಳ್ಳುವ ದಾರಿ ಆಗಲೇ ತೆರೆದಿತ್ತು. 1444ರಲ್ಲೇ ಪೋರ್ಚುಗಲ್‌ನ ಲಾಗೋಸ್ ಊರಿಗೆ 235 ಬಂದಿಗಳನ್ನು ತಂದು ಹಂಚಿದ್ದರು. 1518ರಲ್ಲಿ ಸ್ಪೇನಿನ ರಾಜ ಆಫ್ರಿಕಾದಿಂದ ನೇರವಾಗಿ ಅಮೆರಿಕಕ್ಕೆ ಗುಲಾಮರನ್ನು ಸಾಗಿಸಲು ಪರವಾನಗಿ ಕೊಟ್ಟ.

ಇಲ್ಲಿಗೆ ಬಂದಾಗ ಒಂದು ಪ್ರಶ್ನೆ ಯಾವಾಗಲೂ ಏಳುತ್ತದೆ. "ಆಫ್ರಿಕಾದವರೇ ತಮ್ಮವರನ್ನು ಮಾರಿದರಂತಲ್ಲ?" ಹೌದು, ಮಾರಿದವರಲ್ಲಿ ಅಲ್ಲಿನ ರಾಜರೂ ವ್ಯಾಪಾರಿಗಳೂ ಇದ್ದರು. ಯುರೋಪಿನವರು ಬಹುಮಟ್ಟಿಗೆ ಕರಾವಳಿಯ ಕೋಟೆಗಳಲ್ಲೇ ಇದ್ದರು. ಒಳನಾಡಿನಲ್ಲಿ ಜ್ವರವೂ ಇತ್ತು, ಬಲವಾದ ರಾಜ್ಯಗಳೂ ಇದ್ದವು. ಆದರೆ "ತಮ್ಮವರು" ಅನ್ನುವ ಪದ ಇಲ್ಲಿ ಹೊಂದುವುದಿಲ್ಲ. ಇಮ್ಮಡಿ ಪುಲಕೇಶಿ ಪಲ್ಲವರ ಮೇಲೆ ದಂಡೆತ್ತಿ ಹೋದಾಗ "ನಾವಿಬ್ಬರೂ ಭಾರತೀಯರು" ಅಂತ ಯಾರೂ ಅಂದುಕೊಳ್ಳಲಿಲ್ಲ. ಹಾಗೆಯೇ ಪಶ್ಚಿಮ ಆಫ್ರಿಕಾದ ದಹೋಮಿ ರಾಜ್ಯದ ದೊರೆಗೂ ಓಯೋ ರಾಜ್ಯದ ಸೈನಿಕನಿಗೂ "ಆಫ್ರಿಕಾದವರು" ಅನ್ನುವ ಒಂದು ಗುಂಪು ಇರಲಿಲ್ಲ. ಸೆರೆಸಿಕ್ಕವರು ಅವರ ಲೆಕ್ಕದಲ್ಲಿ ಪರರಾಜ್ಯದವರು.

ಹಾಗಂತ ಎಲ್ಲರೂ ಒಪ್ಪಿ ಮಾರಿದರು ಅಂತಲೂ ಅಲ್ಲ. ಕಾಂಗೋದ ರಾಜ ಒಂದನೇ ಅಫೊನ್ಸೋ ಕ್ರೈಸ್ತನಾಗಿದ್ದ, ಪೋರ್ಚುಗೀಸರ ಗೆಳೆಯನಾಗಿದ್ದ. ಆತ 1526ರಲ್ಲಿ ಪೋರ್ಚುಗಲ್ ರಾಜನಿಗೆ ಪತ್ರ ಬರೆದ. ವ್ಯಾಪಾರಿಗಳು ದಿನವೂ ನಮ್ಮ ಜನರನ್ನು ಹಿಡಿದೊಯ್ಯುತ್ತಿದ್ದಾರೆ, ದೊಡ್ಡ ಮನೆತನದ ಮಕ್ಕಳನ್ನು, ನನ್ನ ಬಂಧುಗಳನ್ನೂ ಬಿಡುತ್ತಿಲ್ಲ, ನಾಡು ಬರಿದಾಗುತ್ತಿದೆ ಎಂದು ದೂರಿದ. ವ್ಯಾಪಾರ ನಿಲ್ಲಲಿಲ್ಲ.

ಕವಡೆಗೆ ಮನುಷ್ಯ

ಇನ್ನು, ಕೊಂಡದ್ದು ಏನು ಕೊಟ್ಟು? ಬಂದೂಕು, ಮದ್ದು, ಹೆಂಡ, ಕಬ್ಬಿಣದ ಸರಳು, ಬಟ್ಟೆ, ಕವಡೆ. ಈ ಪಟ್ಟಿಯಲ್ಲಿ ನಮ್ಮ ಕಡೆಯ ಎರಡು ವಸ್ತುಗಳಿವೆ.

ಒಂದು ಹತ್ತಿ ಬಟ್ಟೆ. ಗುಜರಾತ್ ಮತ್ತು ಕೋರಮಂಡಲ ತೀರದ ನೇಕಾರರು ನೇಯ್ದ ಬಟ್ಟೆಗೆ ಪಶ್ಚಿಮ ಆಫ್ರಿಕಾದಲ್ಲಿ ಭಾರೀ ಬೇಡಿಕೆ ಇತ್ತು. ಅಲ್ಲಿನ ಕೊಳ್ಳುವವರು ಬಣ್ಣ, ನೇಯ್ಗೆ ನೋಡಿ ಆರಿಸುತ್ತಿದ್ದರು, ಯುರೋಪಿನ ನಕಲು ಬಟ್ಟೆಯನ್ನು ಎಷ್ಟೋ ಕಡೆ ಬೇಡ ಅನ್ನುತ್ತಿದ್ದರು. ಪಾಂಡಿಚೇರಿಯ ನೀಲಿ ಬಟ್ಟೆಗೆ ಗಿನಿ ಬಟ್ಟೆ ಎಂಬ ಹೆಸರೇ ಬಿದ್ದಿತ್ತು. ಗಿನಿ ಅಂದರೆ ಪಶ್ಚಿಮ ಆಫ್ರಿಕಾದ ಕರಾವಳಿ.

ಇನ್ನೊಂದು ಕವಡೆ. ಹೌದು, ನಮ್ಮ ಅಜ್ಜಿಯಂದಿರು ಚೌಕಾಬಾರ ಆಡುತ್ತಿದ್ದ ಅದೇ ಬಿಳಿ ಕವಡೆ. ಪಶ್ಚಿಮ ಆಫ್ರಿಕಾದ ಹಲವು ಕಡೆ, ಮುಖ್ಯವಾಗಿ ಈಗಿನ ಬೆನಿನ್ ಸುತ್ತಮುತ್ತ, ಅದು ಚಲಾವಣೆಯ ದುಡ್ಡು. ಕೊಳೆಯುವುದಿಲ್ಲ, ಒಡೆಯುವುದಿಲ್ಲ, ಖೋಟಾ ಮಾಡಲು ಬರುವುದಿಲ್ಲ. ಮಾಲ್ಡೀವ್ಸ್ ಸುತ್ತಲ ಸಮುದ್ರದಿಂದ ತೆಗೆದ ಕವಡೆಯನ್ನು ಹಡಗಿನ ತಳಭಾರವಾಗಿ ಆಮ್ಸ್ಟರ್‌ಡ್ಯಾಮ್, ಲಂಡನ್‌ಗೆ ಒಯ್ಯುತ್ತಿದ್ದರು. ಅಲ್ಲಿ ಹರಾಜು. ಅಲ್ಲಿಂದ ಪೀಪಾಯಿಯಲ್ಲಿ ತುಂಬಿ ಆಫ್ರಿಕಾಕ್ಕೆ. 18ನೇ ಶತಮಾನದಲ್ಲಿ ಒಬ್ಬ ಮನುಷ್ಯನ ಬೆಲೆ ಹತ್ತಾರು ಸಾವಿರ ಕವಡೆ ಮುಟ್ಟಿತ್ತು. ಕವಡೆ ಕಾಸಿನ ಕಿಮ್ಮತ್ತಿಲ್ಲ ಅಂತ ನಾವು ಸುಮ್ನೆ ಹೇಳುತ್ತೇವೆ. ಅಲ್ಲಿ ಒಬ್ಬ ತಾಯಿಯನ್ನು, ಒಬ್ಬ ಮಗನನ್ನು ಕವಡೆ ಎಣಿಸಿಯೇ ಕೊಂಡೊಯ್ದರು.

ಬಂದೂಕು ಇದನ್ನೆಲ್ಲ ಒಂದು ಸುಳಿಯಾಗಿ ಮಾಡಿತು. ಪಕ್ಕದ ರಾಜ್ಯದ ಕೈಯಲ್ಲಿ ಬಂದೂಕು ಇದ್ದರೆ ನಮಗೂ ಬೇಕು. ಬಂದೂಕು ಬೇಕಾದರೆ ಬಂದಿಗಳು ಬೇಕು. ಬಂದಿಗಳು ಬೇಕಾದರೆ ದಾಳಿ ಮಾಡಬೇಕು. ಮೊದಲು ಯುದ್ಧವಾದಾಗ ಸೆರೆಸಿಕ್ಕವರನ್ನು ಮಾರುತ್ತಿದ್ದರು. ಬರಬರುತ್ತ ಮಾರುವುದಕ್ಕಾಗಿಯೇ ಯುದ್ಧ, ಅಪಹರಣ ನಡೆದವು. ಸಣ್ಣಪುಟ್ಟ ಅಪರಾಧಕ್ಕೂ ಮಾರಾಟವೇ ಶಿಕ್ಷೆಯಾಯಿತು.

ಯುರೋಪಿನಿಂದ ಸರಕು, ಆಫ್ರಿಕಾದಿಂದ ಮನುಷ್ಯರು, ಅಮೆರಿಕದಿಂದ ಸಕ್ಕರೆ. ಶಾಲಾ ಪುಸ್ತಕಗಳು ಇದನ್ನು ತ್ರಿಕೋನ ವ್ಯಾಪಾರ ಅನ್ನುತ್ತವೆ. ಬ್ರೆಜಿಲ್‌ನ ಹಡಗುಗಳು ಮಾತ್ರ ನೇರವಾಗಿ ಅಂಗೋಲಾ ಕಡೆಗೆ ಹೋಗಿ ವಾಪಸು ಬರುತ್ತಿದ್ದವು.

ಹದಿನಾರು ಇಂಚು

ಒಳನಾಡಿನಿಂದ ಸರಪಳಿ ಕಟ್ಟಿ ನಡೆಸಿಕೊಂಡು ಬಂದವರನ್ನು ಕರಾವಳಿಯ ಕೋಟೆಗಳಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೂಡಿಹಾಕುತ್ತಿದ್ದರು. ಘಾನಾದ ಎಲ್ಮಿನಾ ಕೋಟೆಯನ್ನು ಪೋರ್ಚುಗೀಸರು 1482ರಲ್ಲಿ ಚಿನ್ನದ ವ್ಯಾಪಾರಕ್ಕೆ ಕಟ್ಟಿದ್ದು, ಆಮೇಲೆ ಅದು ಮನುಷ್ಯರ ಉಗ್ರಾಣವಾಯಿತು. ಅದರ ಹತ್ತಿರವೇ ಇರುವ ಕೇಪ್ ಕೋಸ್ಟ್ ಕೋಟೆಯಲ್ಲಿ ಗಂಡಸರನ್ನು ಇಡುತ್ತಿದ್ದ ನೆಲಮಾಳಿಗೆಯ ಮೇಲೇ ಬ್ರಿಟಿಷರ ಪ್ರಾರ್ಥನಾ ಮಂದಿರ ಇತ್ತು.

ಹಡಗಿನ ಒಳಗಿನ ಜಾಗ ಎಷ್ಟು ಅಂತ ತಿಳಿಯಲು ಮಕ್ಕಳ ಒಂದಡಿ ಸ್ಕೇಲು ತೆಗೆದುಕೊಳ್ಳಿ. ಅದರ ಪಕ್ಕ ನಾಲ್ಕು ಬೆರಳಿನಷ್ಟು ಜಾಗ ಸೇರಿಸಿ. ಹದಿನಾರು ಇಂಚು. ಬ್ರೂಕ್ಸ್ ಎಂಬ ಲಿವರ್‌ಪೂಲ್ ಹಡಗಿನ ನಕ್ಷೆಯೊಂದನ್ನು 1788ರಲ್ಲಿ ಗುಲಾಮ ವ್ಯಾಪಾರದ ವಿರೋಧಿಗಳು ಅಚ್ಚು ಹಾಕಿಸಿದರು. ಅದರಲ್ಲಿ ಗಂಡಸೊಬ್ಬನಿಗೆ ಆರು ಅಡಿ ಉದ್ದ, ಹದಿನಾರು ಇಂಚು ಅಗಲ. ಹಾಗೆ ಒತ್ತೊತ್ತಾಗಿ ಜನರನ್ನು ಬರೆದಿದ್ದಾರೆ. ಆ ವರ್ಷ ಬಂದ ಹೊಸ ಕಾನೂನು ಆ ಹಡಗಿಗೆ ಹಾಕಿದ ಮಿತಿ 454 ಜನ. ಅದಕ್ಕೂ ಮುಂಚೆ ಅದೇ ಹಡಗು 600ಕ್ಕೂ ಹೆಚ್ಚು ಜನರನ್ನು ಹೊತ್ತಿತ್ತು.

ಪ್ರಯಾಣ ಒಂದೂವರೆ ತಿಂಗಳಿಂದ ಮೂರು ತಿಂಗಳು. ಗಂಡಸರಿಗೆ ಇಬ್ಬಿಬ್ಬರಿಗೆ ಸೇರಿಸಿ ಕಾಲಿಗೆ ಬೇಡಿ. ರಕ್ತಭೇದಿ, ಸಿಡುಬು. ಏಳು ಜನರಲ್ಲಿ ಒಬ್ಬರು ದಡ ಕಾಣಲಿಲ್ಲ. ಎಷ್ಟೋ ಜನ ಊಟ ಬಿಟ್ಟು ಸಾಯಲು ನೋಡಿದರು. ಥಾಮಸ್ ಕ್ಲಾರ್ಕ್‌ಸನ್ ಎಂಬ ಹೋರಾಟಗಾರ 1787ರಲ್ಲಿ ಸಾಕ್ಷ್ಯ ಹುಡುಕುತ್ತ ಲಿವರ್‌ಪೂಲ್‌ಗೆ ಹೋದಾಗ ಒಂದು ಅಂಗಡಿಯಲ್ಲಿ ಬೇಡಿ, ಕೋಳಗಳ ಜೊತೆ ಕತ್ತರಿಯಂಥ ಒಂದು ಕಬ್ಬಿಣದ ಸಲಕರಣೆ ಕಂಡಿತು. ಹಿಂದೆ ತಿರುಪು ಇತ್ತು. ಏನಿದು ಅಂತ ಕೇಳಿದ. ತಿನ್ನಲೊಲ್ಲದ ಗುಲಾಮರ ಬಾಯಿ ಬಿಡಿಸಲು ಎಂದು ಅಂಗಡಿಯವನು ಹೇಳಿದ. ಅದು ಸುತ್ತಿಗೆ, ಮೊಳೆಯಂತೆ ಅಂಗಡಿಯಲ್ಲಿ ಸಿಗುವ ಸಾಮಾನು. ಕ್ಲಾರ್ಕ್‌ಸನ್ ಅದನ್ನು ಕೊಂಡು ತಂದು ಊರೂರಲ್ಲಿ ಜನರಿಗೆ ತೋರಿಸಿದ.

ಜನ ತಿರುಗಿಬಿದ್ದರು ಕೂಡ. ಸುಮಾರು ಹತ್ತು ಪ್ರಯಾಣಕ್ಕೆ ಒಂದರಲ್ಲಿ ದಂಗೆ ನಡೆದಿದೆ ಅಂತ ಇತಿಹಾಸಕಾರರ ಅಂದಾಜು. ಸಮುದ್ರಕ್ಕೆ ಹಾರದಿರಲಿ ಅಂತ ಹಡಗಿನ ಸುತ್ತ ಬಲೆ ಕಟ್ಟುತ್ತಿದ್ದರು.

1781ರಲ್ಲಿ ಜಾಂಗ್ ಎಂಬ ಹಡಗಿನವರು ಕುಡಿಯುವ ನೀರು ಸಾಲದು ಎಂದು ಹೇಳಿ 130ಕ್ಕೂ ಹೆಚ್ಚು ಜನರನ್ನು ಜೀವಂತ ಸಮುದ್ರಕ್ಕೆ ಎಸೆದರು. ಆಮೇಲೆ ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆ ಹಣ ಕೇಳಿದರು. 1783ರಲ್ಲಿ ಲಂಡನ್‌ನ ಕೋರ್ಟಿಗೆ ಬಂದದ್ದು ಕೊಲೆ ಕೇಸಲ್ಲ, ವಿಮೆ ಕೇಸು. ಮೊದಲ ವಿಚಾರಣೆಯಲ್ಲಿ ತೀರ್ಪು ಮಾಲೀಕರ ಪರ ಬಂತು. ಮೇಲ್ಮನವಿಯಲ್ಲಿ ಮರುವಿಚಾರಣೆಗೆ ಆದೇಶವಾಯಿತು. ಕೊಲೆಗೆ ಮಾತ್ರ ಯಾರಿಗೂ ಶಿಕ್ಷೆಯಾಗಲಿಲ್ಲ.

ಲಾಭ ಮೊದಲು, ದ್ವೇಷ ಆಮೇಲೆ

ಬಿಳಿಯರು ಕರಿಯರನ್ನು ಕೀಳಾಗಿ ಕಾಣುತ್ತಿದ್ದರು, ಅದಕ್ಕೇ ಗುಲಾಮರನ್ನಾಗಿ ಮಾಡಿದರು ಅಂತ ನಾವು ಅಂದುಕೊಳ್ಳುತ್ತೇವೆ. ಕಪ್ಪು ಬಣ್ಣದ ಬಗ್ಗೆ ತಾತ್ಸಾರ ಮೊದಲೂ ಇತ್ತು. ಆದರೆ ಇಂಗ್ಲಿಷಿನ ಸ್ಲೇವ್ ಎಂಬ ಪದವೇ ಪೂರ್ವ ಯುರೋಪಿನ ಸ್ಲಾವ್ ಜನರ ಹೆಸರಿನಿಂದ ಬಂದದ್ದು. ಮಧ್ಯಯುಗದಲ್ಲಿ ಯುರೋಪಿನಲ್ಲಿ ಮಾರಾಟವಾಗುತ್ತಿದ್ದ ಗುಲಾಮರಲ್ಲಿ ಬಿಳಿ ಬಣ್ಣದವರೇ ಬೇಕಾದಷ್ಟಿದ್ದರು. ಬಣ್ಣ ನೋಡಿದರೆ ಸಾಕು ಗುಲಾಮ ಯಾರು ಅಂತ ಗೊತ್ತಾಗುವ ವ್ಯವಸ್ಥೆ ಕಟ್ಟಿದ್ದು ಅಟ್ಲಾಂಟಿಕ್ ತೋಟಗಳು, ಅದೂ ಕಾನೂನಿನ ಮೂಲಕ, ಒಂದೊಂದೇ ಇಟ್ಟಿಗೆ ಇಟ್ಟು.

1661ರಲ್ಲಿ ಬಾರ್ಬಡೋಸ್ ಗುಲಾಮರಿಗೇ ಬೇರೆ ಕಾಯ್ದೆ ಮಾಡಿತು. 1662ರಲ್ಲಿ ಉತ್ತರ ಅಮೆರಿಕದ ಇಂಗ್ಲಿಷ್ ವಸಾಹತು ವರ್ಜೀನಿಯಾ, ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆ ಎಂದು ಕಾನೂನು ಮಾಡಿತು. ಇಂಗ್ಲೆಂಡಿನ ವಾಡಿಕೆಯಲ್ಲಿ ಮಗು ತಂದೆಯ ಸ್ಥಾನ ಪಡೆಯುತ್ತಿತ್ತು, ಇಲ್ಲಿ ಬೇಕೆಂದೇ ತಿರುಗಿಸಿದರು. ಯಜಮಾನ ತನ್ನ ಗುಲಾಮ ಹೆಂಗಸಿನ ಮೇಲೆ ಅತ್ಯಾಚಾರ ಮಾಡಿ ಹುಟ್ಟಿದ ಮಗುವೂ ಅವನ ಆಸ್ತಿಯಾಯಿತು. 1667ರಲ್ಲಿ ಅದೇ ವರ್ಜೀನಿಯಾ, ಕ್ರೈಸ್ತರಾದರೂ ಬಿಡುಗಡೆ ಇಲ್ಲ ಎಂದಿತು. ಅಲ್ಲಿಗೆ ಧರ್ಮದ ಬಾಗಿಲೂ ಮುಚ್ಚಿತು. ಉಳಿದದ್ದು ಬಣ್ಣ ಒಂದೇ. ಮುಂದೆ ಆ ಬಣ್ಣಕ್ಕೆ ಹುಸಿ ವಿಜ್ಞಾನದ ಬೆಂಬಲವನ್ನೂ ಕಟ್ಟಿದರು.

ಹೆಸರಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಕೊಂಡವರು ಮೊದಲು ಮಾಡುತ್ತಿದ್ದ ಕೆಲಸ ಹೊಸ ಹೆಸರಿಡುವುದು. ಬಿಡುಗಡೆಯ ಕಾಲಕ್ಕೆ ಎಷ್ಟೋ ಕುಟುಂಬಗಳಿಗೆ ತೋಟದ ಯಜಮಾನನ ಮನೆತನದ ಹೆಸರೇ ಅಂಟಿಕೊಂಡಿತು.

ನಿಂತದ್ದು ಹೇಗೆ?

ದೊಡ್ಡ ಪೆಟ್ಟು ಕೊಟ್ಟವರು ಗುಲಾಮರೇ. ಈಗಿನ ಹೈಟಿ ಆಗ ಫ್ರೆಂಚರ ಸಾಂ ದೊಮಿಂಗ್. ಸುಮಾರು 5 ಲಕ್ಷ ಗುಲಾಮರ ದುಡಿತದಿಂದ ಯುರೋಪಿನ ಸಕ್ಕರೆಯ ಸುಮಾರು 40 ಶೇಕಡ, ಕಾಫಿಯ ಅರ್ಧಕ್ಕೂ ಹೆಚ್ಚು ಅಲ್ಲಿಂದಲೇ ಬರುತ್ತಿತ್ತು. 1791ರ ಆಗಸ್ಟ್‌ನಲ್ಲಿ ಅವರು ಕಬ್ಬಿನ ಗದ್ದೆಗಳಿಗೆ ಬೆಂಕಿ ಇಟ್ಟು ಎದ್ದರು. ಟೂಸಾನ್ ಲೂವರ್ತ್ಯೂರ್, ಆಮೇಲೆ ದೆಸಲೀನ್ ಅವರ ನಾಯಕತ್ವದಲ್ಲಿ ನೆಪೋಲಿಯನ್ನನ ಸೈನ್ಯವನ್ನೂ ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರರಾದರು.

ಬ್ರಿಟನ್ನಿನಲ್ಲಿ ಅದೇ ಹೊತ್ತಿಗೆ ಜನಾಭಿಪ್ರಾಯ ಬದಲಾಗುತ್ತಿತ್ತು. ತಾನೇ ಗುಲಾಮನಾಗಿದ್ದ ಒಲಾಡಾ ಇಕ್ವಿಯಾನೋ 1789ರಲ್ಲಿ ತನ್ನ ಬದುಕಿನ ಕಥೆ ಪ್ರಕಟಿಸಿದ. 1791ರಲ್ಲಿ ಸಂಸತ್ತು ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ತಳ್ಳಿಹಾಕಿದಾಗ ಸುಮಾರು 3 ಲಕ್ಷ ಜನ ವೆಸ್ಟ್ ಇಂಡೀಸ್ ಸಕ್ಕರೆ ತಿನ್ನುವುದನ್ನೇ ಬಿಟ್ಟರು ಎಂಬ ಅಂದಾಜಿದೆ. ಮನೆಗೆ ಸಕ್ಕರೆ ತರುವುದು ಹೆಂಗಸರ ಕೈಯಲ್ಲಿತ್ತು, ಮತದ ಹಕ್ಕಿಲ್ಲದ ಅವರು ಹೀಗೆ ರಾಜಕೀಯಕ್ಕೆ ಬಂದರು. 1820ರ ದಶಕದಲ್ಲಿ "ಗುಲಾಮರು ಮಾಡದ, ಭಾರತದ ಸಕ್ಕರೆ" ಎಂದು ಬರೆದ ಬಟ್ಟಲುಗಳು ಅಲ್ಲಿನ ಮನೆಗಳಲ್ಲಿ ಇದ್ದವು.

1807ರ ಮಾರ್ಚ್ 25ರಂದು ಬ್ರಿಟನ್ ಗುಲಾಮ ವ್ಯಾಪಾರವನ್ನು ನಿಷೇಧಿಸಿತು. ಗಮನಿಸಿ, ನಿಷೇಧಿಸಿದ್ದು ವ್ಯಾಪಾರವನ್ನು, ಗುಲಾಮಗಿರಿಯನ್ನಲ್ಲ. ಅದಾಗಲೇ ತೋಟದಲ್ಲಿದ್ದವರು ಇನ್ನೂ 27 ವರ್ಷ ಕಾದರು. 1831ರ ಕ್ರಿಸ್ಮಸ್ ಸಮಯದಲ್ಲಿ ಜಮೈಕಾದಲ್ಲಿ ಸ್ಯಾಮ್ ಶಾರ್ಪ್ ನೇತೃತ್ವದಲ್ಲಿ ಸಾವಿರಾರು ಜನ ಎದ್ದ ಮೇಲೆ, ಇದನ್ನು ಇನ್ನು ಹಿಡಿದಿಡಲಾಗದು ಅಂತ ಲಂಡನ್‌ಗೆ ಅರ್ಥವಾಯಿತು. 1834ರ ಆಗಸ್ಟ್ 1ರಂದು ಕಾಯ್ದೆ ಜಾರಿಗೆ ಬಂತು. ಅದಾದ ಮೇಲೂ "ಕೆಲಸ ಕಲಿಯುವವರು" ಎಂಬ ಹೆಸರಿನಲ್ಲಿ 1838ರವರೆಗೆ ಬಿಟ್ಟಿ ದುಡಿಸಿಕೊಂಡರು. ಅಮೆರಿಕ ಸಂಯುಕ್ತ ಸಂಸ್ಥಾನ 1865ರಲ್ಲಿ, ಕೊನೆಗೆ ಬ್ರೆಜಿಲ್ 1888ರಲ್ಲಿ ಗುಲಾಮಗಿರಿ ರದ್ದು ಮಾಡಿದವು.

ಬಿಲ್ಲು ಕಟ್ಟಿದವರು ಯಾರು?

ಪರಿಹಾರದ ಮಾತು ಯಾಕೆ ಇನ್ನೂ ನಿಂತಿಲ್ಲ ಅನ್ನುವುದಕ್ಕೆ ಎರಡು ಲೆಕ್ಕ ನೋಡಿದರೆ ಸಾಕು.

ಮೊದಲನೆಯದು ಬ್ರಿಟನ್ನಿನದು. ಗುಲಾಮಗಿರಿ ರದ್ದಾದಾಗ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಆಗಿನ ಸರ್ಕಾರದ ಒಂದು ವರ್ಷದ ಖರ್ಚಿನ ಸುಮಾರು 40 ಶೇಕಡ. ಅದು ಹೋದದ್ದು ಮಾಲೀಕರಿಗೆ, "ಆಸ್ತಿ" ಕಳೆದುಕೊಂಡದ್ದಕ್ಕೆ. ಬಿಡುಗಡೆಯಾದ ಸುಮಾರು 8 ಲಕ್ಷ ಜನರಿಗೆ ಒಂದು ಪೆನ್ನಿಯೂ ಸಿಗಲಿಲ್ಲ, ತುಂಡು ಭೂಮಿಯೂ ಸಿಗಲಿಲ್ಲ. ಅದಕ್ಕಾಗಿ ಮಾಡಿದ ಸಾಲದ ಬಾಕಿ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಜಮೈಕಾದಿಂದ ವಲಸೆ ಹೋಗಿ ಲಂಡನ್‌ನಲ್ಲಿ ತೆರಿಗೆ ಕಟ್ಟಿದ ಗುಲಾಮರ ಮರಿಮಕ್ಕಳೂ ಆ ಸಾಲ ತೀರಿಸಿದ್ದಾರೆ.

ಎರಡನೆಯದು ಹೈಟಿಯದು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳಿಸಿ 15 ಕೋಟಿ ಫ್ರಾಂಕ್ ಕೇಳಿತು. ಕಳೆದುಕೊಂಡ ತೋಟಕ್ಕೆ, ಕಳೆದುಕೊಂಡ ಗುಲಾಮರಿಗೆ ಪರಿಹಾರ. ಅಂದರೆ ಹೈಟಿಯ ಜನ ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಬೇಕಾಯಿತು. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರು. ಕಟ್ಟಲು ಸಾಲ, ಆ ಸಾಲಕ್ಕೆ ಬಡ್ಡಿ. ಪೂರ್ತಿ ತೀರಿದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಶಾಲೆ, ರಸ್ತೆಗೆ ಹೋಗಬೇಕಾದ ದುಡ್ಡು ನೂರಕ್ಕೂ ಹೆಚ್ಚು ವರ್ಷ ಪ್ಯಾರಿಸ್‌ಗೆ, ಬ್ಯಾಂಕುಗಳಿಗೆ ಹೋಯಿತು.

ಆಫ್ರಿಕಾ ಕಳೆದುಕೊಂಡದ್ದಕ್ಕೆ ಲೆಕ್ಕ ಬರೆದವರಿಲ್ಲ. ಹೋದವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು, ಅದರಲ್ಲೂ ಗಂಡಸರು ಜಾಸ್ತಿ. ಹಳ್ಳಿಗಳಲ್ಲಿ ಹೊಲ, ಮನೆ, ಕಾವಲು ಎಲ್ಲ ಹೆಂಗಸರ ಮೇಲೆ ಬಿತ್ತು. ಅರ್ಥಶಾಸ್ತ್ರಜ್ಞ ನೇಥನ್ ನನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅತಿ ಹೆಚ್ಚು ಜನರನ್ನು ಕಳೆದುಕೊಂಡ ಪ್ರದೇಶಗಳೇ ಇವತ್ತೂ ಆಫ್ರಿಕಾದಲ್ಲಿ ಹೆಚ್ಚು ಬಡವಾಗಿವೆ. ಅಂಥ ಕಡೆ ಜನ ನೆರೆಯವರನ್ನು, ಬಂಧುಗಳನ್ನೂ ನಂಬುವುದು ಕಡಿಮೆ ಅಂತ ಮುಂದಿನ ಅಧ್ಯಯನ ಕಂಡುಕೊಂಡಿತು. ಪಕ್ಕದ ಮನೆಯವನೇ ಹಿಡಿದು ಮಾರಬಹುದಾಗಿದ್ದ ಕಾಲದ ಭಯ ಅದು.

ಯುರೋಪಿನ ಕೈಗಾರಿಕೆ ಬೆಳೆದದ್ದು ಎಷ್ಟರಮಟ್ಟಿಗೆ ಈ ದುಡ್ಡಿನಿಂದ ಅನ್ನುವುದು ಇನ್ನೂ ಚರ್ಚೆಯ ವಿಷಯ. ಇತಿಹಾಸಕಾರರಾಗಿದ್ದು ಮುಂದೆ ಟ್ರಿನಿಡಾಡ್‌ನ ಮೊದಲ ಪ್ರಧಾನಿಯಾದ ಎರಿಕ್ ವಿಲಿಯಮ್ಸ್ 1944ರಲ್ಲೇ ಈ ವಾದ ಎತ್ತಿದ್ದರು. ಲಿವರ್‌ಪೂಲ್, ಬ್ರಿಸ್ಟಲ್, ಫ್ರಾನ್ಸಿನ ನಾಂತ್ ಊರುಗಳು ಇದರಿಂದ ಕೊಬ್ಬಿದವು ಅನ್ನುವುದರಲ್ಲಿ ಮಾತ್ರ ಸಂಶಯವಿಲ್ಲ. 2020ರ ಜೂನ್‌ನಲ್ಲಿ ಬ್ರಿಸ್ಟಲ್‌ನ ಜನ ಎಡ್ವರ್ಡ್ ಕೋಲ್ಸ್‌ಟನ್ ಎಂಬ ಗುಲಾಮ ವ್ಯಾಪಾರಿಯ ಪ್ರತಿಮೆಯನ್ನು ಎಳೆದು ಬಂದರಿನ ನೀರಿಗೆ ನೂಕಿದ್ದು ಟಿವಿಯಲ್ಲಿ ಎಲ್ಲರೂ ನೋಡಿದರು.

ನಮ್ಮ ಸಿದ್ದಿಗಳು ಇದೇ ಕಥೆಯವರಾ?

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಓಡಾಡಿದವರು ಈ ಪ್ರಶ್ನೆ ಕೇಳುತ್ತಾರೆ. ಸಿದ್ದಿಗಳ ಹಿರಿಯರೂ ಆಫ್ರಿಕಾದವರೇ, ಅವರಲ್ಲಿ ಅನೇಕರು ಗುಲಾಮರಾಗಿಯೇ ಬಂದವರು. ಆದರೆ ಬಂದ ಸಮುದ್ರ ಬೇರೆ. ಅವರು ಪೂರ್ವ ಆಫ್ರಿಕಾದಿಂದ ಹಿಂದೂ ಮಹಾಸಾಗರ ದಾಟಿ ಬಂದರು. ಅರಬ್ ವ್ಯಾಪಾರಿಗಳು ಶತಮಾನಗಳಿಂದ ನಡೆಸುತ್ತಿದ್ದ ಆ ದಾರಿಯನ್ನು ಪೋರ್ಚುಗೀಸರೂ ಹಿಡಿದರು. ಗೋವಾದ ಒಡೆಯರಿಂದ ತಪ್ಪಿಸಿಕೊಂಡ ಎಷ್ಟೋ ಜನ ಘಟ್ಟದ ಕಾಡು ಸೇರಿ ನೆಲೆ ನಿಂತರು. ದಮಾಮಿ ಬಾರಿಸುವ, ಕೊಂಕಣಿ ಕನ್ನಡ ಎರಡೂ ಆಡುವ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು, ಆ ಸಮುದಾಯದಿಂದ ಮೊದಲಿಗರು.

ಇನ್ನು ಚಂದ್ರಪಾಲ್

ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದಲ್ಲಿ, ಜಮೈಕಾದಲ್ಲಿ ದೊಡ್ಡ ಸಕ್ಕರೆ ತೋಟಗಳಿದ್ದ ಒಬ್ಬ ಮಾಲೀಕ ಜಾನ್ ಗ್ಲ್ಯಾಡ್‌ಸ್ಟನ್. ಇಂಗ್ಲೆಂಡಿನ ಪ್ರಧಾನಿಯಾದ ವಿಲಿಯಂ ಗ್ಲ್ಯಾಡ್‌ಸ್ಟನ್‌ನ ತಂದೆ. ಎರಡೂವರೆ ಸಾವಿರ ಗುಲಾಮರನ್ನು ಬಿಟ್ಟುಕೊಟ್ಟದ್ದಕ್ಕೆ ಅವನಿಗೆ ಲಕ್ಷ ಪೌಂಡಿಗೂ ಹೆಚ್ಚು ಪರಿಹಾರ ಸಿಕ್ಕಿತು. ಆದರೆ ಬಿಡುಗಡೆಯಾದವರು ಹಳೇ ದುಡಿತಕ್ಕೆ, ಹಳೇ ಚಾಟಿಗೆ ಇನ್ನು ಬರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಕಬ್ಬು ಮಾತ್ರ ಕಾಯುವುದಿಲ್ಲ. ಅವನು ಕಲ್ಕತ್ತದ ಕಂಪನಿಯೊಂದಕ್ಕೆ ಪತ್ರ ಬರೆದ: ಭಾರತದಿಂದ ಆಳುಗಳನ್ನು ಕಳಿಸಲು ಆಗುತ್ತದಾ?

1838ರ ಮೇ 5ರಂದು ವಿಟ್ಬಿ, ಹೆಸ್ಪೆರಸ್ ಎಂಬ ಎರಡು ಹಡಗುಗಳು ಭಾರತೀಯರನ್ನು ಹೊತ್ತು ಗಯಾನಾ ಮುಟ್ಟಿದವು. ಆಫ್ರಿಕನ್ನರ ಪೂರ್ತಿ ಬಿಡುಗಡೆಗೆ ಇನ್ನೂ ಮೂರು ತಿಂಗಳಿತ್ತು. ಇವರು ಕಾನೂನಿನ ಪ್ರಕಾರ ಗುಲಾಮರಲ್ಲ. ಐದು ವರ್ಷದ ಕರಾರಿನ ಕೂಲಿಗಳು, ಸಂಬಳ ಇತ್ತು, ಕರಾರು ಮುಗಿದರೆ ವಾಪಸು ಬರಬಹುದಿತ್ತು. ಆದರೆ ಇಳಿದದ್ದು ಅದೇ ತೋಟಕ್ಕೆ, ಹಿಡಿದದ್ದು ಅದೇ ಕತ್ತಿ, ಕಡಿದದ್ದು ಅದೇ ಕಬ್ಬು. 1917ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಸುಮಾರು 5 ಲಕ್ಷ ಭಾರತೀಯರು ಕೆರಿಬಿಯನ್ ಸೇರಿದ್ದರು. ಹೆಚ್ಚಿನವರು ಈಗಿನ ಬಿಹಾರ, ಉತ್ತರ ಪ್ರದೇಶದವರು, ಒಂದಷ್ಟು ಜನ ಮದ್ರಾಸ್ ಕಡೆಯವರು. ಶಿವನಾರಾಯಣ್ ಚಂದ್ರಪಾಲ್ ಗಯಾನಾದ ಯೂನಿಟಿ ಎಂಬ ಹಳ್ಳಿಯವರು. ಅವರ ಹಿರಿಯರು ದಾಟಿದ್ದು ಇದೇ ಕರಾರಿನ ಸಮುದ್ರವನ್ನು.